ಮೆಂತೆಯ ಮಡಿ, ಮೂವತ್ತು ಮನೆ

"ಕಾಲ ತಗೀರಿ ಮೊದಲ. ಅದು ಮೆಂತೆದ ಮಡಿ ಐತಿ, ಹಾದಿ ಅಲ್ಲ."

ಹಾಲವ್ವನ ದನಿಗೆ ಆ ಗಂಡಸು ಥಟ್ಟನೆ ನಿಂತ. ಕೈಯಲ್ಲಿ ಅಳತೆಯ ಹಗ್ಗ. ಬಗ್ಗಿ ನೋಡಿದರೆ ಎಡಗಾಲಿನ ಕೆಳಗೆ ಎಳೆ ಮೆಂತೆ ನೆಲ ಕಚ್ಚಿತ್ತು.

"ತಪ್ಪಾತ್ರಿ ಬಾಯಾರ," ಎಂದು ಕಾಲು ತೆಗೆದ. "ಕಾಣಲಿಲ್ಲ."

"ಮಡಿ ಕಾಣಲಿಲ್ಲ, ನಾನೂ ಕಾಣಂಗಿಲ್ಲೇನು? ಯಾರನ್ನ ಕೇಳಿ ಹಗ್ಗ ಹಾಕಾಕತ್ತೀರಿ?"

ಅವನು ತಲೆ ಎತ್ತಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ನಿದ್ದೆಗೆಟ್ಟ ಕೆಂಪಿತ್ತು. ಕೂದಲ ತುಂಬ ಹತ್ತಿಯ ನಾರು. ಹಾಲವ್ವ ಬೈಯುವುದನ್ನು ಬಿಟ್ಟು, ಬಗ್ಗಿ ಮೆಂತೆಯ ಸಸಿಗಳನ್ನು ನೆಟ್ಟಗೆ ಮಾಡಿದಳು... ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಅದು ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳು ದಿನಕ್ಕೊಂದು ಹೆಚ್ಚುತ್ತಿದ್ದ ಕಾಲ, ೧೯೬೨. ಊರ ಹೊರಗೆ ಹಳ್ಳದ ದಂಡೆಯ ಆ ಜಾಗವನ್ನು ಹಿಂದೆ ಕಾಳುಕಡಿಗೆ ಬರವಿದ್ದಾಗ ನಗರಪಾಲಿಕೆ ಪಟ್ಟಿ ಪಟ್ಟಿಯಾಗಿ ಹಂಚಿ, ಇಪ್ಪತ್ತೆರಡು ಬಡ ಕುಟುಂಬಗಳಿಗೆ ಕಾಯಿಪಲ್ಲೆ ಬೆಳೆಯಲು ಕೊಟ್ಟಿತ್ತು. ಒಂದು ಪಟ್ಟಿ ಹಾಲವ್ವನ ಅತ್ತೆ ಗುರುಸಿದ್ದವ್ವನ ಹೆಸರಿನಲ್ಲಿತ್ತು. ಹಾಲವ್ವನ ಗಂಡ ಶಂಕರಲಿಂಗ ಜ್ವರದಲ್ಲಿ ತೀರಿಕೊಂಡ ಮೇಲೆ ಅತ್ತೆ, ಸೊಸೆ ಇಬ್ಬರಿಗೂ ಆ ಮಡಿಗಳೇ ದಿಕ್ಕು. ಇರುವುದು ಯಾರದೋ ಹಿತ್ತಲಿನ ಚಪ್ಪರದಲ್ಲಿ.

ಈಗ ಮಗ್ಗದ ಕೆಲಸಗಾರರ ಸೊಸೈಟಿ ಅದೇ ಜಾಗದಲ್ಲಿ ಮೂವತ್ತು ಮನೆ ಕಟ್ಟಲು ಅರ್ಜಿ ಹಾಕಿತ್ತು. ಹಗ್ಗ ಹಿಡಿದು ಬಂದವನು ಆ ಸೊಸೈಟಿಯ ಕಾರ್ಯದರ್ಶಿ, ಬಸಗೊಂಡ.

"ನಮ್ಮ ಹೊಟ್ಟಿ ಮ್ಯಾಲೆ ನಿಮ್ಮ ಮನಿ ಕಟ್ಟತೀರೇನು?" ಎಂದಳು ಹಾಲವ್ವ.

"ಒಮ್ಮೆ ನಾವಿರೂದು ನೋಡ ಬರ್ರಿ. ಆಮ್ಯಾಲೆ ಬೈರಿ."

ಬೈಯಬೇಕೆಂದೇ ಮರುದಿನ ಹೋದಳು. ಒಂದೇ ಕೋಣೆ, ಹನ್ನೊಂದು ಜನ. ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿ ಮುಗಿಸಿದವರು ಮಲಗಿದ್ದರು. ಗೋಡೆಯ ಆಚೆ ಮಗ್ಗಗಳು ಗುಡುಗುತ್ತಿದ್ದವು. ಮೂಲೆಯಲ್ಲಿ ಬಸಗೊಂಡನ ತಂಗಿ ಬಾಳಕ್ಕ, ಬಾಣಂತಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು.

"ಇದು ಅಳೂದು ನನಗ ಕೇಳಂಗಿಲ್ಲವ್ವ," ಎಂದು ಅವಳು ಹಾಲವ್ವನ ಕಿವಿಯ ಹತ್ತಿರ ಕೂಗಿದಳು. "ಬಾಯಿ ತಗದದ್ದು ನೋಡಿ ಹಾಲು ಕುಡಸ್ತೇನಿ."

ಹಾಲವ್ವ ಬೈಯದೆಯೇ ಮರಳಿದಳು.

ಅಂದಿನಿಂದ ಪಾಳಿ ಮುಗಿದ ಮೇಲೆ ಬಸಗೊಂಡ ಹಳ್ಳಕ್ಕೆ ಬರತೊಡಗಿದ. ಮಾತಿಲ್ಲ, ಕತೆಯಿಲ್ಲ. ಗುರುಸಿದ್ದವ್ವನ ಕೈಯಿಂದ ಕೊಡ ಇಸಿದುಕೊಂಡು ನೀರು ಹೊತ್ತು ಮಡಿಗೆ ಹಾಕಿ ಹೋಗುವನು. ಒಂದು ದಿನ ಬರಲಿಲ್ಲ. ಅಂದು ಹಾಲವ್ವ ನಾಲ್ಕು ಸಲ ಹಾದಿಯ ಕಡೆ ನೋಡಿದಳು.

'ನಾ ಯಾಕ ಹಾದಿ ನೋಡಾಕತ್ತೇನಿ? ಅವ ಬಂದದ್ದು ಈ ಜಾಗಾ ಕೇಳಾಕ...'

ಮಠದ ಅಂಗಳದಲ್ಲಿ ಸಭೆ ಸೇರಿತು. ಊರ ಹಿರಿಯ ರಾವಸಾಹೇಬರು ಅಧ್ಯಕ್ಷರು. ಪಟ್ಟಿಯವರು ಒಂದು ಕಡೆ, ಮಗ್ಗದವರು ಒಂದು ಕಡೆ.

"ಊರಿಗೆ ಮನಿ ಬೇಕಂತೀರಿ, ಪಲ್ಲೆ ಬ್ಯಾಡೇನು?" ಎಂದ ಹಾಲವ್ವನ ಪಕ್ಕದ ಪಟ್ಟಿಯ ಅಲ್ಲಪ್ಪ.

"ಪಲ್ಲೆ ಆಚಿ ಹಳ್ಳಿ ಸುಳಕೂಡದಿಂದ ಗಾಡಿ ಮ್ಯಾಲೆ ಬರ್ತೈತಿ," ಎಂದ ಒಬ್ಬ ಮಗ್ಗದವ. "ಮನಿ ಬರ್ತಾವೇನು?"

ಗದ್ದಲ ಎದ್ದಿತು. ರಾವಸಾಹೇಬರು ಒಪ್ಪಿಗೆ ಕೊಟ್ಟ ಪಟ್ಟಿಯವರ ಹೆಸರು ಓದಿಸಿದರು. ಏಳನೆಯ ಹೆಸರು ಗುರುಸಿದ್ದವ್ವ. ಹೆಬ್ಬೆಟ್ಟು ಒತ್ತಿದ್ದಾಳೆ.

ಹಾಲವ್ವನ ಕಿವಿ ಗುಯ್ಗುಟ್ಟಿತು. ಮೊಣಕಾಲು ನೋವೆಂದು ಅತ್ತೆ ಸಭೆಗೇ ಬಂದಿರಲಿಲ್ಲ. ಹಾಗಾದರೆ ಆ ಕೊಡ, ಆ ನೀರು, ಆ ಮೌನ... ಎಲ್ಲ ಇದಕ್ಕಾಗಿಯೇ?

ಅವಳು ಎದ್ದು ನಿಂತಳು. "ನೀರು ಯಾಕ ಹೊತ್ತಾರಂತ ಈಗ ತಿಳೀತು. ಕಣ್ಣ ಮಂಜಾದ ಮುದುಕಿ ಕೈ ಹಿಡಿದು ಹೆಬ್ಬೆಟ್ಟ ಒತ್ತಿಸ್ಯಾರ ಇವರು. ಇಂಥಾವರು ಕಟ್ಟೂ ಮನ್ಯಾಗ ದೀಪಾ ಹತ್ತತೈತೇನು?"

"ಖಾಲೀ ಬಸಾ ಬಾಯಿ, ಖಾಲೀ ಬಸಾ," ಎಂದು ರಾವಸಾಹೇಬರು ಕೈ ಮಾಡಿ ಮರಾಠಿಯಲ್ಲಿ ಕೂಡಲು ಹೇಳಿದರು.

ಬಸಗೊಂಡನ ಮುಖ ಸುಣ್ಣದಂತಾಯಿತು. ಕಾಗದಗಳನ್ನು ರಾವಸಾಹೇಬರ ಮುಂದಿಟ್ಟು, "ಈ ಕೆಲಸ ಇನ್ನ ನನ್ನ ಕೈಲೆ ಆಗೂದಿಲ್ಲರಿ," ಎಂದು ಎದ್ದು ನಡೆದ. ಸಭೆ ಸೋಮವಾರಕ್ಕೆ ಮುಂದೆ ಹೋಯಿತು.

ಚಪ್ಪರಕ್ಕೆ ಬಂದು ಹಾಲವ್ವ ನಡೆದುದನ್ನೆಲ್ಲ ಹೇಳಿದಳು. ಗುರುಸಿದ್ದವ್ವ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದಳು.

"ನಾನ ಒತ್ತೇನಿ, ಮಗಳ."

"ಏನಂದಿ ಅತ್ತಿ?"

"ಪಟ್ಟಿ ನನ್ನ ಹೆಸರಲೆ ಐತಿ. ನಾ ಸತ್ತ ದಿನಾ ಅದು ತಿರುಗಿ ಪಾಲಿಕಿಗೆ ಹೋಗ್ತೈತಿ. ನಿನಗೇನ ಉಳೀತೈತಿ? ಪಟ್ಟಿ ಬಿಟ್ಟಾವರಿಗೆ ಮೊದಲ ಮನಿ ಕೊಡಬೇಕಂತ ಹಟಾ ಹಿಡದಾಂವ ಆ ಬಸಗೊಂಡನ. ಹಂಗ ಮಾಡಿ ಮನಿ ಸಾಲಿನಾಗ ಅವನ ಹೆಸರ ಹಿಂದ ಬಿತ್ತು. ಮನಿ ನಿನ್ನ ಹೆಸರಲೆ ಬರಸೇನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಡತಿದ್ದಿಲ್ಲ. ನನ್ನ ಗಂಡ ಅಗದ ಮಡಿ ಅಂತಿದ್ದಿ. ಅದಕ್ಕ ನಿನಗ ಹೇಳಂಗಿಲ್ಲಂತ ಅವನ ಕಡಿಂದ ಆಣಿ ತಗೊಂಡಿದ್ದೆ."

ಹಾಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಇನ್ನೊಂದು ಮಾತ ಕೇಳ. ಸತ್ತ ಮಗನ ಹೆಸರು ಹೇಳಿ ನಿನ್ನ ಕಟ್ಟಿ ಹಾಕಾಕಿ ನಾ ಅಲ್ಲ. ಗಂಡ ಹ್ವಾದಾಕಿ ಉಡಿಕಿ ಆಗಿ ಇನ್ನೊಬ್ಬನ ಕೂಡ ಬಾಳೂದು ನಮ್ಮಲ್ಲಿ ಹೊಸಾದಲ್ಲ. ನನ್ನವ್ವನೂ ಎರಡನೇದಕ್ಕ ಉಡಿಕಿ ಆದಾಕಿನ. ಸುಖದಾಗಿದ್ಲು."

ಸೋಮವಾರ ತುಂಬಿದ ಸಭೆಯಲ್ಲಿ ಹಾಲವ್ವ ಮತ್ತೆ ಎದ್ದಳು.

"ಹ್ವಾದ ಸಲ ನಾ ಆಡಿದ್ದು ಸುಳ್ಳರಿ. ಹೆಬ್ಬೆಟ್ಟ ನಮ್ಮತ್ತಿ ತಾನ ಒತ್ಯಾಳ. ನಮ್ಮ ಪಟ್ಟಿ ಬಿಡ್ತೇವಿ. ಆದ್ರ ಹಳ್ಳದ ಬಾಜೂ ಇರೂ ಪಟ್ಟಿ ಮನಿಗೆ ಕೊಡಬ್ಯಾಡ್ರಿ. ಮನಿ ಕಟ್ಟಿದವರೂ ರೊಟ್ಟಿ ಜೋಡಿ ಪಲ್ಲೆ ತಿನ್ನಾವರ."

ಕತ್ತಲಾಗುವವರೆಗೂ ವಾದ ನಡೆಯಿತು. ಕೊನೆಗೆ ಮೇಲಿನ ಹದಿನಾಲ್ಕು ಪಟ್ಟಿ ಮನೆಗಳಿಗೆ, ಕೆಳಗಿನ ಎಂಟು ಪಲ್ಲೆಗೆ ಎಂದಾಯಿತು. ಅಲ್ಲಪ್ಪನ ಪಟ್ಟಿ ಮೇಲಿನದು. ಮರುದಿನ ಅವನು ಹೂ ಬಿಟ್ಟ ಬದನೆ ಗಿಡಗಳನ್ನು ಒಂದೊಂದಾಗಿ ಕಿತ್ತು ಬದುವಿಗೆ ಎಸೆದ. ಹಾಲವ್ವ ಹತ್ತಿರ ಹೋದರೆ ಬೆನ್ನು ತಿರುಗಿಸಿದ. ಆ ನೋವು ಅವಳ ಎದೆಯಲ್ಲಿ ಉಳಿದೇ ಹೋಯಿತು.

ಸಭೆಯ ದಿನವೂ ಮರುದಿನವೂ ಬಸಗೊಂಡ ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ಪಾಳಿ ಬಿಡುವ ಹೊತ್ತಿಗೆ ಹಾಲವ್ವ ಮಗ್ಗದ ಶೆಡ್ಡಿನ ಎದುರಿನ ಬೇವಿನ ಕೆಳಗೆ ನಿಂತಳು. ಹೊರಬಂದವರೆಲ್ಲ ತಿರುಗಿ ನೋಡಿದರು. ಅವಳು ಕದಲಲಿಲ್ಲ. ಅವನು ಕೊನೆಯವನಾಗಿ ಬಂದ.

"ಸಭಾದಾಗ ಆಡಿದ ಮಾತು ಸಭಾದಾಗ ಹಿಂದ ತಗೊಂಡೇನಿ. ನೀವಿರಲಿಲ್ಲ," ಎಂದಳು.

"ಕೇಳೇನಿ."

"ಆಣಿ ಇದ್ರ ಇರಲಿ. ನನ್ನ ಮುಂದಾದ್ರೂ ಒಂದ ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನಿಮಗ ಅತ್ತಿ ಮ್ಯಾಲೆ ಸಿಟ್ಟ ಬರ್ತಿತ್ತು. ನನ್ನ ಬೈದ್ರ ತಡಕೋತೇನಿ ಅಂದ್ಕೊಂಡಿದ್ದೆ..." ಅವನು ದೂರ ನೋಡಿದ. "ಆಗಲಿಲ್ಲ."

ಹಾಲವ್ವನ ಕಣ್ಣು ತುಂಬಿತು. "ನಮಗ ಬರೂ ಮನ್ಯಾಗ ಬಾಳಕ್ಕನ ಮಂದಿಗೆ ಒಂದ ಖೋಲಿ ಬಿಟ್ಟಕೊಡಬೇಕಂತ ಮಾಡೇನಿ."

"ಮತ್ತ ನನಗ?"

"ಬಾಳಕ್ಕನ ಅಣ್ಣ ಅಂತ ಬಂದ್ರ ಅಲ್ಲಿ ಜಾಗಾ ಇಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಉಡಿಕಿ ಮಾತಾಡಾಕ ಅತ್ತಿ ನಿಮ್ಮನ್ನ ಕರದಾಳ."

ಬಸಗೊಂಡ ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿತು.

"ಅತ್ತಿ ಕರದಾಳ. ನೀವು?"

"ಕರಿಯಾಕ ಬಂದಾಕಿ ನಾನ ಅಲ್ಲೇನ್ರಿ? ಬರ್ರಿ ಮನಿಗೆ."