ಗೋಡೆಗಳ ನಡುವಿನ ಓಟ

ಹೊಲಿಗೆ ಕಾರ್ಖಾನೆಯ ಕಿಟಕಿಯಿಂದ ಅವಳು ಒಂದು ಚೊಂಬು ನೀರು ಸುರಿದದ್ದು ಬೇಕೆಂದೇ. ಕೆಳಗಿನ ಓಣಿಯಲ್ಲಿ ಉದ್ದ ಕಾಲಿನ ಗಂಡಸೊಬ್ಬ ಫೋನನ್ನು ಅವಳ ಕಡೆಗೆ ಎತ್ತಿ ಹಿಡಿದು, ಆಗಿನಿಂದ ನಿಂತೇ ಇದ್ದ.

"ಫೋಟೋ ಚೆನ್ನಾಗಿ ಬಂತಾ?" ಎಂದು ಮೇಲಿನಿಂದ ಕೇಳಿದಳು.

ನೀರು ಹಣೆಯಿಂದ ಮೂಗಿಗೆ ಇಳಿಯುತ್ತಿದ್ದರೂ ಅವನು ಸಿಟ್ಟಾಗಲಿಲ್ಲ. ಮೊದಲು ಫೋನನ್ನು ಅಂಗಿಗೆ ಒರೆಸಿಕೊಂಡ. "ಫೋಟೋ ಅಲ್ಲ ಮೇಡಂ. ಓಡಿದ ದೂರ ಅಳೆಯೋ ಆಪ್ ಇದು. ಇಲ್ಲಿ ಸಿಗ್ನಲ್ ಸಿಗ್ತಿಲ್ಲ. ಎತ್ತಿ ಹಿಡಿದ್ರೆ ಉಪಗ್ರಹಕ್ಕೆ ಕಾಣುತ್ತೆ ಅಂದ್ರು."

"ಉಪಗ್ರಹ ನನ್ನ ಕಿಟಕೀಲಿ ಕೂತಿದೆಯಾ?"

ಅವನು ಒದ್ದೆ ರೆಪ್ಪೆಗಳನ್ನು ಎತ್ತಿ ಅವಳನ್ನು ಸರಿಯಾಗಿ ನೋಡಿದ. "ಈಗ ನೋಡಿದ್ರೆ ಹಾಗೇ ಅನ್ಸುತ್ತೆ."

ಅವಳ ಹಿಂದೆ ನಿಂತು ಇಣುಕುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಗುಂಡಿ ಹೊಲಿಯುವ ಅಜ್ಜಿಯಂತೂ ಬಾಯಲ್ಲಿದ್ದ ದಾರ ನುಂಗುವುದರಲ್ಲಿದ್ದಳು. ಅಂದಿನಿಂದ ಆ ಕೋಣೆಯಲ್ಲಿ ಅವನ ಹೆಸರು ಜಿಂಕೆ ಎಂದಾಯಿತು.

ಜಿಂಕೆ ಓಣಿಯ ಕೊನೆಯ ಗೋದಾಮಿನಲ್ಲಿ ಮೂಟೆ ಹೊರುವವನು. ಅಗ್ನಿಶಾಮಕ ದಳದ ಕೆಲಸಕ್ಕೆ ಅರ್ಜಿ ಹಾಕಿದ್ದ. ಲಿಖಿತ ಪರೀಕ್ಷೆ ಪಾಸಾಗಿತ್ತು, ಓಟದ ಪರೀಕ್ಷೆ ಬಾಕಿ. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಇದೇ ಕೊನೆಯ ಅವಕಾಶ. ಅದಕ್ಕಾಗಿ ಗೋದಾಮು ತೆರೆಯುವ ಮೊದಲು ದಿನವೂ ಓಣಿಯುದ್ದಕ್ಕೆ ಹೋಗಿ ಬಂದು ಓಡುತ್ತಿದ್ದ. ಎರಡೂ ಕಡೆ ಆಕಾಶ ಮುಚ್ಚುವಂಥ ಕಟ್ಟಡಗಳು. ಮೇಲೆ ನೋಡಿದರೆ ಕತ್ತರಿಸಿ ಉಳಿದ ಬಟ್ಟೆಪಟ್ಟಿಯಷ್ಟೇ ಬಾನು.

ಅವಳು ಬಟ್ಟೆ ಕತ್ತರಿಸುವವಳು. ಅವನು ಓಡುವ ಹೊತ್ತಿಗೆ ಕಿಟಕಿಯ ಪಕ್ಕದ ಮೇಜಿಗೆ ಬಂದುಬಿಡುತ್ತಿದ್ದಳು. ಹೋಗುವಾಗ ಅವನು ನೋಡುತ್ತಿರಲಿಲ್ಲ, ಬರುವಾಗ ಮಾತ್ರ ನೋಡುತ್ತಿದ್ದ. ತಲೆಯೆತ್ತದೆ, ಹುಬ್ಬಿನ ಕೆಳಗಿಂದ, ಕದ್ದವನ ಹಾಗೆ. ಆ ಒಂದು ನೋಟಕ್ಕೆ ಅವಳ ಕತ್ತರಿ ಗುರುತಿನ ಗೆರೆ ಬಿಟ್ಟು ಪಕ್ಕಕ್ಕೆ ಹೋಗುತ್ತಿತ್ತು.

"ಏ ಹುಡುಗಿ, ಆ ಕಾಲರ್ ಯಾರ ಕುತ್ತಿಗೆಗೆ?" ಎಂದು ಅಜ್ಜಿ ಕೇಳುವಳು. "ಜಿಂಕೆದಾ?"

"ಸುಮ್ನಿರಜ್ಜಿ."

"ನಾನು ಸುಮ್ನೇ ಇದೀನಿ. ನಿನ್ನ ಕೆನ್ನೆಗೆ ಹೇಳು."

ಹೀಗೆ ನಗುನಗುತ್ತಾ ಇದ್ದ ಕಾಲದಲ್ಲೇ ಅವಳ ಅಣ್ಣ ಗ್ಯಾರೇಜಿನವನ ಸಂಬಂಧ ತಂದದ್ದು. ಅಣ್ಣ ಕೆಟ್ಟವನಲ್ಲ. ಅಪ್ಪ ಅಮ್ಮ ಹೋದ ಮೇಲೆ ತನ್ನ ಓದು ಬಿಟ್ಟು ಅವಳನ್ನು ಸಾಕಿದವನು. ಜಿಂಕೆಯ ವಿಷಯ ಅವಳೇ ಹೇಳಿದಾಗ ಅವನು ಕೂಗಾಡಲಿಲ್ಲ. ಊಟದ ತಟ್ಟೆಯ ಮುಂದೆ ಕೈ ಒಣಗುವ ತನಕ ಕೂತಿದ್ದು, ಆಮೇಲೆ ಹೇಳಿದ: "ಆ ಕೆಲಸ ಸಿಕ್ಕಿದ್ರೆ ನಾನೇ ನಿಂತು ಮಾಡಿಕೊಡ್ತೀನಿ. ಅಲ್ಲೀ ತನಕ ಗ್ಯಾರೇಜಿನವರನ್ನ ಹೇಗೋ ಕಾಯಿಸ್ತೀನಿ. ಸಿಗದಿದ್ರೆ ನೀನು ಹೂಂ ಅನ್ನಬೇಕು. ಅವರ ಮುಂದೆ ನನ್ನ ಮರ್ಯಾದೆ ಉಳಿಸು ಅಮ್ಮಾ."

ಅವಳು ಮಾತು ಕೊಟ್ಟಳು. ಕೊಡುವಾಗಲೂ, ಮಾರನೆಯ ದಿನ ಅದನ್ನು ಕಿಟಕಿಯಿಂದ ಜಿಂಕೆಗೆ ಹೇಳುವಾಗಲೂ ಭಯವಿರಲಿಲ್ಲ. ಫೋನು ದಿನದಿನಕ್ಕೂ ಒಳ್ಳೆಯದನ್ನೇ ಹೇಳುತ್ತಿತ್ತಲ್ಲ.

ಒಂದು ಬೆಳಿಗ್ಗೆ ಅವನು ಕಿಟಕಿಯ ಕೆಳಗೆ ನಿಂತು ಫೋನೆತ್ತಿ ತೋರಿಸಿದ. ಅಷ್ಟು ಎತ್ತರಕ್ಕೆ ಏನು ಕಂಡೀತು? ಅವಳಿಗೆ ಕಂಡದ್ದು ಅವನ ಹಲ್ಲು ಮಾತ್ರ.

"ಪರೀಕ್ಷೆಯ ದೂರ ಪೂರಾ ಆಯ್ತು. ಟೈಮೂ ಉಳೀತು."

"ಉಳಿದ ಟೈಮಲ್ಲಿ ಏನ್ ಮಾಡ್ತೀರಾ?"

"ನಿಮ್ಮಣ್ಣನ ಹತ್ರ ಬರ್ತೀನಿ."

ಅವಳು ಕಿಟಕಿಯಿಂದ ಹಿಂದೆ ಸರಿದು, ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ನಕ್ಕಳು. ಹೊಸ ಬಟ್ಟೆಯ ಗಂಜಿವಾಸನೆ ಅವಳಿಗೆ ಎಂದೂ ಅಷ್ಟು ಹಿತವಾಗಿರಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವನು ಬಂದ. ಓಡಿ ಬರಲಿಲ್ಲ, ನಡೆದು ಬಂದ. ಗೋಡೆ ಹಿಡಿದು ಬಂದ. ಅವಳು ಮೆಟ್ಟಿಲಿಳಿದು ಹೋದಳು. ಇಷ್ಟು ಹತ್ತಿರ ಅವರು ನಿಂತದ್ದು ಅದೇ ಮೊದಲು. ಅವನ ಹುಬ್ಬಿನಲ್ಲಿ ಹಳೆಯ ಗಾಯದ ಗೆರೆಯೊಂದಿತ್ತು. ಮೇಲಿನಿಂದ ಅದು ಕಂಡಿರಲಿಲ್ಲ.

"ಟೈಮ್ ಮುಗಿದಾಗ ಇನ್ನೂ ಅರ್ಧ ಸುತ್ತು ಉಳಿದಿತ್ತು," ಎಂದ.

"ಫೋನಲ್ಲಿ ಆಗ್ತಿತ್ತಲ್ಲ?"

"ಫೋನು ಜಾಸ್ತಿ ತೋರಿಸ್ತಿತ್ತಂತೆ. ನಾನು ಓಡಿದ್ದು ಕಮ್ಮಿ. ಎತ್ತರದ ಗೋಡೆಗಳ ನಡುವೆ ಸಿಗ್ನಲ್ ಆ ಕಡೆ ಈ ಕಡೆ ಬಡಿದು ಬರುತ್ತಂತೆ. ಇವನು ಅಡ್ಡಾದಿಡ್ಡಿ ಓಡ್ತಿದಾನೆ ಅಂದ್ಕೊಂಡು ಅದನ್ನೂ ದೂರಕ್ಕೆ ಸೇರಿಸುತ್ತಂತೆ. ಅಲ್ಲಿದ್ದ ಕೋಚ್ ಹೇಳಿದ್ರು. ಬಯಲಲ್ಲಿ ಓಡಿದ್ರೆ ಹೆಚ್ಚುಕಮ್ಮಿ ಸರಿಯಾಗೇ ತೋರಿಸ್ತಿತ್ತಂತೆ."

"ಮೈದಾನ ಇತ್ತಲ್ಲ? ಎಲ್ಲರೂ ಅಲ್ಲೇ ಓಡ್ತಾರೆ. ನೀವ್ಯಾಕೆ ಹೋಗ್ಲಿಲ್ಲ?"

ಅವನು ಬೇರೆ ಕಡೆ ನೋಡಿದ. ಮೇಲಿನ ಕಿಟಕಿಯತ್ತ ನೋಡುವುದನ್ನು ಅವನು ತಪ್ಪಿಸುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

"ನನ್ನಿಂದ ಆಯ್ತು," ಎಂದಳು.

"ಹಾಗನ್ಬೇಡಿ. ಅಲ್ಲಿ ಓಡೋಕೆ ನನಗೆ ಮನಸ್ಸೇ ಬರ್ತಿರ್ಲಿಲ್ಲ. ಈ ಓಣೀಲಿ ಓಡಿದ್ದಕ್ಕೇ ಅಷ್ಟಾದ್ರೂ ಓಡಿದೆ." ಆಮೇಲೆ ಕೇಳಿದ: "ಅಣ್ಣನಿಗೆ ಏನ್ ಹೇಳ್ತೀರಾ?"

"ಹೂಂ ಅಂತೀನಿ."

"ಬೇರೆ ದಾರಿ..."

"ನನಗೋಸ್ಕರ ಅವನು ಅವರ ಮನೆ ಬಾಗಿಲಲ್ಲಿ ಎಷ್ಟು ಸಲ ಕೈಮುಗಿದು ನಿಂತಿದಾನೋ ನನಗೆ ಗೊತ್ತು. ಈಗ ಮಾತು ತಪ್ಪಿದ್ರೆ ಅವನು ಬೈಯೋದೂ ಇಲ್ಲ. ಸುಮ್ಮನಾಗಿಬಿಡ್ತಾನೆ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

ಅವನು ತಲೆಯಾಡಿಸಿದ. ವಾದ ಮಾಡಿದ್ದರೆ ಅವಳಿಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

"ಒಂದು ಕೇಳ್ಲಾ?" ಎಂದ. "ಇಷ್ಟು ದಿನ ಓಡ್ತಾನೇ ಇದ್ದೆ, ನಿಂತು ಕೇಳಲೇ ಇಲ್ಲ. ನಿಮಗೆ ನಾನು ಇಷ್ಟಾನಾ?"

ಮೇಲೆ ಬಿಡುವು ಮುಗಿದ ಗಂಟೆ ಹೊಡೆಯಿತು. ಮಷೀನುಗಳು ಒಂದೊಂದಾಗಿ ಶುರುವಾದವು.

"ಇಷ್ಟ," ಎಂದಳು ಅವಳು. "ಅದನ್ನ ಬಿಡ್ತೀನಿ ಅಂತ ಅಣ್ಣನಿಗೆ ಮಾತು ಕೊಟ್ಟಿಲ್ಲ."

ಅಷ್ಟು ಹೇಳಿ, ಕಣ್ಣೊರೆಸಿಕೊಳ್ಳದೆ, ಮೆಟ್ಟಿಲು ಹತ್ತಿದಳು. ಅಜ್ಜಿ ಅವಳ ಮುಖ ನೋಡಿ, ಪಕ್ಕಕ್ಕೆ ಸರಿದು ತನ್ನ ಸ್ಟೂಲಿನಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟಳು.