ಸರ್ಕಾರಿ ಪುಸ್ತಕಗಳ ಕೋಣೆಯಲ್ಲಿ ಎರಡು ಗುಟ್ಟು

"ಕಣ್ಣು ಮಂಜಾಗ್ತಾ ಇರೋರ ಬಗ್ಗೆ ಪುಸ್ತಕ ಬೇಕಾ?"

ಅವನು ಕೇಳಿದ್ದು ಮಾಮೂಲಿ ದನಿಯಲ್ಲೇ. ಆದರೆ ಗ್ರಂಥಾಲಯದ ಆ ನಿಶ್ಶಬ್ದದಲ್ಲಿ ಅದು ಡಂಗುರ ಸಾರಿದ ಹಾಗೆ ಕೇಳಿಸಿತು.

ಅವಳು ಥಟ್ಟನೆ ಹಿಂತಿರುಗಿ ನೋಡಿದಳು. ಹಿಂದಿನ ಮೇಜಿನಲ್ಲಿ ಅವರ ಬೀದಿಯ ಮೂಲೆಮನೆ ಅತ್ತೆ ಪತ್ರಿಕೆ ಓದುತ್ತಾ ಕೂತಿದ್ದರು. ಆ ಅತ್ತೆಯ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಬೀದಿಯ ಆ ತುದಿ ಮುಟ್ಟುತ್ತಿತ್ತು.

"ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ? ಇದು ಗ್ರಂಥಾಲಯ," ಅಂದಳು ಹಲ್ಲು ಕಚ್ಚಿಕೊಂಡು.

ಹನ್ನೊಂದು ವರ್ಷದ ನೌಕರಿಯಲ್ಲಿ ಓದುಗರೊಬ್ಬರು ತನ್ನನ್ನೇ ಗದರಿದ್ದು ಅವನಿಗೆ ಅದೇ ಮೊದಲು. ಕಿವಿ ಕೆಂಪಗಾಯಿತು. ಎದ್ದು, ಹಿಂದಿನ ಕೋಣೆಯ ಬಾಗಿಲು ತೆರೆದು, ಒಳಗೆ ಬನ್ನಿ ಅಂತ ಸನ್ನೆ ಮಾಡಿದ.

ಅದು ಸರ್ಕಾರಿ ಪ್ರಕಟಣೆಗಳ ವಿಭಾಗ. ನೆಲದಿಂದ ಸೂರಿನವರೆಗೆ ಬೂದು ರಟ್ಟಿನ ಪುಸ್ತಕಗಳು, ವರದಿಗಳು, ತೆಳು ಕೈಪಿಡಿಗಳು. ಅದನ್ನು ನೋಡಿಕೊಳ್ಳುತ್ತಿದ್ದ ಇವನಿಗೆ ಓದುಗರೆಲ್ಲ 'ಸರ್ಕಾರ' ಅಂತಲೇ ಹೆಸರಿಟ್ಟಿದ್ದರು. ಅವನು ಬುತ್ತಿ ಹಿಡಿದು ಎದ್ದರೆ ಸಾಕು, ಮುಂದಿನ ಮೇಜಿನ ಅಕ್ಕ "ಸರ್ಕಾರ ಊಟಕ್ಕೆ ಹೋಗಿದೆ, ಆಮೇಲೆ ಬನ್ನಿ" ಅನ್ನುತ್ತಿದ್ದಳು.

"ಈಗ ಹೇಳಿ. ಯಾರಿಗೆ?"

ಅವಳು ಕೈಚೀಲದ ಹಿಡಿ ಹಿಂಡುತ್ತಾ ನಿಂತಳು.

"ನಮ್ಮಪ್ಪನಿಗೆ. ಹೊಲಿಗೆ ಯಂತ್ರ ರಿಪೇರಿ ಮಾಡ್ತಾರೆ. ನಾನು ಅದೇ ಅಂಗಡೀಲಿ ಬಟ್ಟೆ ಹೊಲಿಯೋದು. ಅವರ ಅಂಗಿ ಇಸ್ತ್ರಿ ಮಾಡುವಾಗ ಜೇಬಲ್ಲಿ ಕಣ್ಣಿನ ವೈದ್ಯರ ಚೀಟಿ ಸಿಕ್ತು. ನೋಟದ ನಡುಭಾಗ ಅಳಿಸಿ ಹೋಗ್ತಾ ಇದೆಯಂತೆ... ಕನ್ನಡಕದಿಂದ ಸರಿ ಹೋಗಲ್ವಂತೆ. ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗಲೂ ಬಾರದು. ತುಂಬಾ ಸ್ವಾಭಿಮಾನಿ ಅವರು."

ಹೊಲಿಗೆ ಯಂತ್ರ ಎಂದಾಗ ಅವನು ಒಂದು ಕ್ಷಣ ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಇಲ್ಲಿ ಯಾರು ಏನು ಕೇಳಿದರು ಅಂತ ನಾನು ಇನ್ನೊಬ್ಬರಿಗೆ ಹೇಳಲ್ಲ," ಅಂದ. "ಈ ಪುಸ್ತಕಗಳನ್ನ ಹೆಸರಿಂದ ಹುಡುಕಿದರೆ ಸಿಗಲ್ಲ. ಇದು ಯಾವ ಇಲಾಖೆಯ ತಲೆನೋವು ಅಂತ ಯೋಚಿಸಬೇಕು. ಕಣ್ಣು ಅಂದ್ರೆ ಆರೋಗ್ಯ ಇಲಾಖೆ. ಆದರೆ ಮನೆಯಲ್ಲಿ ಎಡವಿ ಬೀಳದ ಹಾಗೆ ನೋಡಿಕೊಳ್ಳೋದು? ಅದು ವಸತಿ ಇಲಾಖೆ."

ಏಣಿ ಹತ್ತಿ ಎರಡು ತೆಳು ಪುಸ್ತಕ ಇಳಿಸಿದ. ಒಂದರ ಮೇಲೆ ದಪ್ಪ ಅಕ್ಷರದಲ್ಲಿ 'ಮಂದದೃಷ್ಟಿ ಇರುವವರ ಮನೆ' ಅಂತಿತ್ತು. ಹಿಂಬದಿಯ ಅಂಟುಚೀಟಿ ಖಾಲಿ. ಇದುವರೆಗೂ ಯಾರೂ ಒಯ್ದಿರಲಿಲ್ಲ.

ಅವಳು ನಿಂತಲ್ಲೇ ಪುಟ ತಿರುವಿದಳು. ಮೆಟ್ಟಿಲಿನ ಅಂಚಿಗೆ ಗಾಢ ಬಣ್ಣದ ಪಟ್ಟಿ ಅಂಟಿಸಿ. ಹಾಲಿಗೆ ಕಪ್ಪು ಲೋಟ ಕೊಡಿ. ದೀಪ ಬೆನ್ನ ಹಿಂದಿರಲಿ, ಕಣ್ಣೆದುರಿಗೆ ಬೇಡ...

ಮೂರು ವಾರ ಅಳುತ್ತಾ ಕೂತಿದ್ದವಳಿಗೆ ಕೈಗೊಂದು ಕೆಲಸ ಸಿಕ್ಕಿತು.

ಅಂದಿನಿಂದ ಪ್ರತಿ ಶನಿವಾರ ಅವಳ ಕಾಲು ತಾನಾಗಿ ಆ ಕೋಣೆಗೆ ನಡೆಯುತ್ತಿತ್ತು. ಮೆಟ್ಟಿಲಿಗೆ ಹಳದಿ ಪಟ್ಟಿ ಬಂತು. ಬಿಳಿ ಲೋಟಗಳು ಒಂದೊಂದಾಗಿ "ಒಡೆದು" ಹೋದವು. ಅಪ್ಪನ ಮೇಜಿನ ದೀಪ ಜಾಗ ಬದಲಿಸಿತು.

"ಅನುಮಾನ ಬಂತಾ ಅವರಿಗೆ?" ಅವನು ಕೇಳುತ್ತಿದ್ದ.

"ಎಷ್ಟು ಲೋಟ ಒಡೀತೀಯೇ ಅಂತ ಬೈಸಿಕೊಂಡೆ."

ಅವನು ನಗುತ್ತಿದ್ದ. ನಗುವಾಗ ಕಣ್ಣಿನ ಪಕ್ಕ ಮೂರು ಗೆರೆ ಮೂಡುತ್ತಿದ್ದವು. ಆ ಗೆರೆಗಳನ್ನು ತಾನು ಎಣಿಸಿದ್ದೇಕೆ ಅಂತ ಅವಳಿಗೇ ಗೊತ್ತಾಗಲಿಲ್ಲ. ಹೊಲಿಯುತ್ತಾ ಕೂತಾಗ ಅವನ ಮಾತು ನೆನಪಾಗಿ ತುಟಿ ಅರಳುತ್ತಿತ್ತು. 'ಪುಸ್ತಕ ಕೊಡೋದು ಅವರ ಕೆಲಸ. ಎಲ್ಲರಿಗೂ ಹೀಗೇ ಇರ್ತಾರೆ...' ಅಂತ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಗುಂಡಿ ತರಲು ಹೊರಟವಳು ಗ್ರಂಥಾಲಯದ ಪಕ್ಕದ ಬಾಗಿಲ ಹತ್ತಿರ ಗಕ್ಕನೆ ನಿಂತಳು.

ಅಪ್ಪ!

ಯಂತ್ರ ನೋಡಲು ಗಿರಾಕಿಯ ಮನೆಗೆ ಹೋಗಿ ಬರ್ತೀನಿ ಅಂತ ಹೊರಟಿದ್ದ ಅಪ್ಪ, ಅವನ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಅವನು ಬಗ್ಗಿ ಏನೋ ಹೇಳಿದ. ಅಪ್ಪ ತಲೆಯಾಡಿಸಿದರು.

ಅವಳು ಗೋಡೆಯ ಹಿಂದೆ ಸರಿದಳು. ಹೇಳಿಬಿಟ್ಟಿದ್ದಾನೆ... ನಂಬಿ ಬಾಯಿಬಿಟ್ಟ ಮಾತನ್ನು ಅಪ್ಪನ ಕಿವಿಗೇ ಹಾಕಿದ್ದಾನೆ.

ಅಪ್ಪ ಮರೆಯಾದ ಮೇಲೆ ಒಳಗೆ ನುಗ್ಗಿದಳು.

"ಅಪ್ಪನಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ಅವರು ಇಲ್ಲಿಗೆ ಯಾಕೆ ಬಂದಿದ್ರು?"

ಅವನು ಮೇಜಿನ ಮೇಲಿನ ಪುಸ್ತಕದ ಮೇಲೆ ಕೈ ಇಟ್ಟುಕೊಂಡ.

"ಅದನ್ನ ನಾನು ಹೇಳೋ ಹಾಗಿಲ್ಲ."

"ನನ್ನ ಗುಟ್ಟು ಮಾತ್ರ ಹೇಳೋ ಹಾಗಿತ್ತು, ಅಲ್ವಾ?"

ಅವನು ಆ ಪುಸ್ತಕವನ್ನು ಇನ್ನಷ್ಟು ತನ್ನತ್ತ ಎಳೆದುಕೊಂಡ. ಅದೇ ಅವಳಿಗೆ ಉತ್ತರದ ಹಾಗೆ ಕಂಡಿತು. ತನ್ನ ಬಳಿಯಿದ್ದ ಪುಸ್ತಕಗಳನ್ನು ಮರುದಿನವೇ ಮುಂದಿನ ಮೇಜಿನ ಅಕ್ಕನ ಕೈಗೆ ಕೊಟ್ಟು, ಹಿಂದಿನ ಕೋಣೆಯತ್ತ ತಿರುಗಿಯೂ ನೋಡದೆ ಬಂದಳು.

ಎರಡು ಶನಿವಾರ ಕಳೆದವು. ಅಂಗಡಿಯಲ್ಲಿ ಅಪ್ಪ ಎಂದಿನಂತೆಯೇ ಇದ್ದರು. ಅವಳು ಮಾತ್ರ ಒಂದು ಅಂಗಿಗೆ ಎರಡೂ ತೋಳು ಎಡಗೈದೇ ಹೊಲಿದು ಮತ್ತೆ ಬಿಚ್ಚಿದಳು.

ಆ ವಾರ ಹತ್ತಿರದ ಆಸ್ಪತ್ರೆಯ ನರ್ಸಮ್ಮ ತಮ್ಮ ಕೆಟ್ಟುಹೋದ ಹೊಲಿಗೆ ಯಂತ್ರವನ್ನು ತಂದಿಟ್ಟು ಹೋದರು. ಅಪ್ಪ ಅದರ ಮುಂದೆ ಕೂತು ಕಣ್ಣು ಮುಚ್ಚಿಕೊಂಡರು. ಬೆರಳಲ್ಲೇ ತಡವಿ ಒಂದು ತಿರುಪು ಬಿಚ್ಚಿ, ತಟ್ಟೆಯ ಎಡತುದಿಗಿಟ್ಟರು. ಮುಂದಿನದು ಅದರ ಬಲಕ್ಕೆ. ಅದರ ಮುಂದಿನದು ಇನ್ನೂ ಬಲಕ್ಕೆ... ಒಳಗೆ ಸುತ್ತಿಕೊಂಡಿದ್ದ ದಾರದ ಗಂಟನ್ನು ಚಿಮಟದಿಂದ ಎಳೆದು ತೆಗೆದರು. ಬಲದಿಂದ ಎಡಕ್ಕೆ ಒಂದೊಂದೇ ಭಾಗ ವಾಪಸು ಜೋಡಿಸಿ ಚಕ್ರ ತಿರುಗಿಸಿದರೆ, ಯಂತ್ರ ಬೆಣ್ಣೆಯ ಹಾಗೆ ಓಡಿತು.

"ಅಪ್ಪಾ, ಇದನ್ನ ಎಲ್ಲಿ ಕಲಿತೆ?"

ಅಪ್ಪ ಕಣ್ಣು ತೆರೆಯಲಿಲ್ಲ.

"ಕೂತ್ಕೋ ಪುಟ್ಟಿ. ನನ್ನ ಕಣ್ಣು ಹೋಗ್ತಾ ಇದೆ. ಅದು ನಿನಗೆ ಗೊತ್ತಿದೆ ಅಂತಾನೂ ನನಗೆ ಗೊತ್ತು."

"ಅವರು ಹೇಳಿದ್ರಾ?"

"ಯಾರು? ಯಾರೂ ಹೇಳಬೇಕಾಗಿಲ್ಲ. ಹಳದಿ ಪಟ್ಟೀನ ಅಷ್ಟು ಚೆನ್ನಾಗಿ ಕಾಣೋ ಹಾಗೆ ಅಂಟಿಸಿ, ನನಗೆ ಕಾಣಿಸಬಾರದು ಅಂದ್ರೆ ಹೇಗಮ್ಮಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅಪ್ಪನ ಎಣ್ಣೆಗೈ ಹಿಡಿದುಕೊಂಡಳು.

"ಕೆಲಸ ಬಿಡಬೇಕಾಗುತ್ತೆ ಅಂತ ಹೆದರಿದ್ದೆ," ಅಪ್ಪ ಅಂದರು. "ಗ್ರಂಥಾಲಯದಲ್ಲಿ ಸರ್ಕಾರ ಅಂತ ಒಬ್ಬ ಇದ್ದಾನೆ, ಕೇಳಿ ನೋಡು ಅಂತ ಯಾರೋ ಅಂದರು. ಕಾರ್ಮಿಕ ಇಲಾಖೆಯವರದು ಒಂದು ಹಳೇ ಕೈಪಿಡಿ ಹುಡುಕಿ ಕೊಟ್ಟ. ಕಣ್ಣಿನ ನೆರವಿಲ್ಲದೆ ಯಂತ್ರ ಬಿಚ್ಚಿ ಜೋಡಿಸೋದು ಹೇಗೆ ಅಂತ. ಆದರೆ ಅಷ್ಟು ಸಣ್ಣ ಅಕ್ಷರ ನಾನು ಓದೋದು ಹೇಗೆ? ಪ್ರತಿ ಮಂಗಳವಾರ ತನ್ನ ಊಟ ಬಿಟ್ಟು ಅವನೇ ಓದಿ ಹೇಳ್ತಿದ್ದ. ನನ್ನ ಮಗಳ ಕಿವಿಗೆ ಬೀಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದೆ."

"ಯಾವಾಗಿಂದ ಹೋಗ್ತಿದ್ದೆ?"

"ಮೊದಲ ಲೋಟ ಒಡೆಯೋಕೆ ಒಂದು ವಾರ ಮುಂಚೆ."

ಅವಳು ಲೆಕ್ಕ ಹಾಕಿದಳು. ಪುಸ್ತಕ ತಂದ ಮರುದಿನವೇ ಮೊದಲ ಲೋಟ ಒಡೆದಿದ್ದಳು. ತಾನು ಹೋಗುವ ಮೊದಲೇ ಅಪ್ಪ ಅಲ್ಲಿಗೆ ಹೋಗಿದ್ದರು. ಹೊಲಿಗೆ ಯಂತ್ರ ಅಂದ ಕೂಡಲೇ ಅವನಿಗೆ ಎಲ್ಲವೂ ತಿಳಿದಿತ್ತು. ಅಪ್ಪನ ಗುಟ್ಟು ಮಗಳಿಗೆ ಹೇಳಲಿಲ್ಲ, ಮಗಳ ಗುಟ್ಟು ಅಪ್ಪನಿಗೆ ಹೇಳಲಿಲ್ಲ. ಎರಡನ್ನೂ ಕಾಪಾಡಿ, ಕೊನೆಗೆ ಅವಳಿಂದಲೇ ಬೈಸಿಕೊಂಡೂ ಬಾಯಿಬಿಡಲಿಲ್ಲ.

ಅಳತೆಪಟ್ಟಿಯನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು ಅವಳು ಬೀದಿಗಿಳಿದಳು.

ಅವನು ಕೋಣೆಯಲ್ಲಿ ಹೊಸದಾಗಿ ಬಂದ ವರದಿಗಳಿಗೆ ಮುದ್ರೆ ಒತ್ತುತ್ತಿದ್ದ. ಅವಳನ್ನು ಕಂಡದ್ದೇ ತಡ, ಮುದ್ರೆ ಮೇಜಿನ ಮೇಲೆ ಬಿತ್ತು.

"ಅಪ್ಪ ಎಲ್ಲಾ ಹೇಳಿದರು," ಅಂದಳು ಏದುಸಿರಲ್ಲಿ. "ನನ್ನಿಂದ ತಪ್ಪಾಯ್ತು."

"ಎಲ್ಲಾ ಹೇಳಿದರಾ?" ಅವನ ಮುಖದಲ್ಲಿ ಗಾಬರಿ.

"ಯಾಕೆ, ಇನ್ನೂ ಏನಾದ್ರೂ ಬಾಕಿ ಇದೆಯಾ?"

ಅವನು ಬೆರಳಿಗಂಟಿದ ಶಾಯಿಯನ್ನು ಒರೆಸಿಕೊಳ್ಳಲು ನೋಡಿದ.

"ಆ ಕೈಪಿಡಿ ಎರಡೇ ಮಂಗಳವಾರಕ್ಕೆ ಮುಗೀತಿತ್ತು. ನಾನು ಐದು ವಾರ ಓದಿದೆ. ನಡುನಡುವೆ ಅವರು ನಿಮ್ಮ ಬಗ್ಗೆ ಮಾತಾಡ್ತಿದ್ದರು... ಅದನ್ನ ಕೇಳೋಕೆ. ಕೊನೇ ದಿನ ಅವರೇ ಹಿಡಿದರು. 'ಈ ಪುಟ ಹೋದ ವಾರವೇ ಓದಿದ್ದೆಯಪ್ಪ. ನನಗೆ ಹೋಗ್ತಿರೋದು ಕಣ್ಣು, ಕಿವಿ ಅಲ್ಲ' ಅಂದರು."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

"ಈ ಎರಡು ವಾರ ನಾನು ದಿನಾ ನಿಮ್ಮ ಜೊತೆ ಮನಸ್ಸಲ್ಲೇ ಜಗಳ ಆಡಿದೆ," ಅಂದಳು ಮೆಲ್ಲಗೆ. "ಜಗಳ ಮುಗಿದ ಮೇಲೂ ಮಾತು ನಿಲ್ಲಲಿಲ್ಲ. ಅಂಗಿ ತೋಳು ತಪ್ಪಿದ್ದು, ಸೂಜಿ ಮುರಿದಿದ್ದು, ಎಲ್ಲಾ ನಿಮಗೇ ಹೇಳ್ತಿದ್ದೆ."

"ನಾನು ಏನಂದೆ?"

"ಏನೂ ಅನ್ನಲಿಲ್ಲ. ಹೂಂ ಅಂತ ಕೇಳಿಸಿಕೊಂಡ್ರಿ."

ಅವನು ಮೇಜು ಬಳಸಿ ಬಂದು, ಕುರ್ಚಿಯ ಮೇಲಿದ್ದ ವರದಿಗಳನ್ನೆಲ್ಲ ನೆಲಕ್ಕಿಳಿಸಿ, ಕುರ್ಚಿಯನ್ನು ಅವಳ ಮುಂದಿಟ್ಟ.

"ಈಗ ಎದುರಿಗೇ ಹೇಳಿ. ಕೇಳ್ತೀನಿ."

"ಎಷ್ಟು ದಿನ?"

"ನೀವು ಸಾಕು ಅನ್ನೋವರೆಗೆ."

ಅವಳು ಕೂತಳು. ಶಾಯಿ ಮೆತ್ತಿದ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ಸಾಕು ಅನ್ನೋಳಲ್ಲ," ಅಂದಳು.