ಸೆಯ್‌ಜುನ್ ಅಜ್ಜನ ಚಹಾ ಡಬ್ಬಿ

ನೀವು ನಂಬಲೇಬೇಕೆಂದೇನಿಲ್ಲ, ನನಗಾದದ್ದನ್ನು ಆದ ಹಾಗೆ ಹೇಳುತ್ತೇನೆ. ಓಕಿನಾವಾದ ನಮ್ಮ ದ್ವೀಪಕ್ಕೆ ಚಳಿಗಾಲದಲ್ಲಿ ತಿಮಿಂಗಿಲಗಳು ಬರುತ್ತವೆ. ಗುಡ್ಡದ ಮೇಲೆ ಕೂತು ದುರ್ಬೀನಿನಲ್ಲಿ ಅವನ್ನು ಹುಡುಕಿ, ಕೆಳಗಿನ ದೋಣಿಗಳಿಗೆ ವೈರ್‌ಲೆಸ್‌ನಲ್ಲಿ ತಿಳಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷ ಸೆಯ್‌ಜುನ್ ಅಜ್ಜನೂ ಜೊತೆಗಿದ್ದ. ತಿಮಿಂಗಿಲ ಉಸಿರು ಬಿಟ್ಟಾಗಲೆಲ್ಲ ಚಹಾ ಡಬ್ಬಿಗೆ ಹವಳದ ಒಂದು ಚೂರು ಹಾಕುತ್ತಿದ್ದ. ದೊಡ್ಡದಕ್ಕೆ ದೊಡ್ಡ ಚೂರು, ಮರಿಗೆ ಸಣ್ಣದು. ಹೋದ ಬೇಸಿಗೆಯಲ್ಲಿ ತೀರಿಕೊಂಡ.

ಈ ಸಲದ ಮೊದಲ ಬೆಳಿಗ್ಗೆ ಅವನ ಖಾಲಿ ಡಬ್ಬಿಯನ್ನು ಬೆಂಚಿನ ಮೇಲೆ ಅವನ ಜಾಗದಲ್ಲೇ ಇಟ್ಟೆ. ಒಂಟಿ ತಿಮಿಂಗಿಲವೊಂದು ಕಂಡಿತು. ಅದು ಉಸಿರು ಬಿಟ್ಟಿದ್ದು ನಾಲ್ಕು ಸಲ. ನನ್ನ ಪಕ್ಕದಲ್ಲಿ ಟಣ್ ಎಂದದ್ದು ಏಳು ಸಲ. ದುರ್ಬೀನು ಇಳಿಸಿ ನೋಡಿದರೆ ಯಾರೂ ಇಲ್ಲ. ಗಾಳಿ ಕೊರೆಯುತ್ತಿತ್ತು, ಆದರೂ ಅವನು ಕೂರುತ್ತಿದ್ದ ಹಲಗೆ ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು. ಡಬ್ಬಿಯಲ್ಲಿ ನಾಲ್ಕು ದೊಡ್ಡ ಚೂರು, ಮೂರು ಸಣ್ಣವು.

ಹೆದರಿಕೆಗಿಂತ ಹೆಚ್ಚಾಗಿ, ಅಜ್ಜನ ಎಣಿಕೆ ಸರಿಯೇ ಎಂಬ ಕುತೂಹಲ ನನಗೆ. "ಮೊರಿಯೋ, ದೋಣಿ ನಿಲ್ಸು. ಮರಿ ಇದೆ," ಎಂದು ತಿಮಿಂಗಿಲದ ಹತ್ತಿರವಿದ್ದ ದೋಣಿಯವನಿಗೆ ವೈರ್‌ಲೆಸ್‌ನಲ್ಲಿ ಹೇಳಿದೆ.

"ಹತ್ರ ಇರೋ ನಂಗೇ ಕಾಣ್ತಿಲ್ಲ, ಗುಡ್ಡದ ಮೇಲಿಂದ ನಿಂಗೆ ಹೆಂಗ್ ಕಾಣ್ತಕ್ಕಾ? ಬೆಳಿಗ್ಗೆನೇ ಒಂದ್ ಗುಟುಕು ಹಾಕ್ಕೊಂಡ್ಯಾ?" ಎಂದು ಗೊಣಗುತ್ತಲೇ ಅವನು ಎಂಜಿನ್ ಆರಿಸಿದ.

ತಾಯಿಯ ಆಚೆ ಬದಿಗಿದ್ದ ಮರಿ, ಅವನ ದೋಣಿಯ ಮೂತಿಯಿಂದ ಮಾರು ದೂರದಲ್ಲಿ ಮೇಲೆದ್ದಿತು.

ಹವಳ ಸಿಗುವ ತೀರಕ್ಕೆ ಆ ಗುಡ್ಡದಿಂದ ಅರ್ಧ ಗಂಟೆಯ ಇಳಿಜಾರು. ನಾನು ಮುಟ್ಟಿದಾಗ ಆ ಏಳು ಚೂರುಗಳೂ ಸಮುದ್ರದ ನೀರಿನಿಂದ ಒದ್ದೆಯಾಗಿದ್ದವು.